ಬಸವನ ಪಾದದಿಂದ ಸಂಗಮದ ನೀರುನಾಯಿಯವರೆಗೆ

ಎರಡು ನೀರುನಾಯಿಗಳು ಅಂಗಾತ ಮಲಗಿ, ಒಂದರ ಕೈ ಇನ್ನೊಂದು ಹಿಡ್ಕೊಂಡು, ನೀರಿನ ಮೇಲೆ ತೇಲ್ತಾ ನಿದ್ದೆ ಹೊಡೆಯೋ ವಿಡಿಯೊ ನೋಡಿದ್ದೀರಲ್ಲ? ಕೆನಡಾದ ವ್ಯಾಂಕೂವರ್ ಅಕ್ವೇರಿಯಂನದು. 2007ರಲ್ಲಿ ಯೂಟ್ಯೂಬ್‌ಗೆ ಬಂದ ಆ ತುಣುಕು ಇವತ್ತಿಗೂ ಫ್ಯಾಮಿಲಿ ಗ್ರೂಪುಗಳಲ್ಲಿ ಸುತ್ತುತ್ತಲೇ ಇದೆ. ಬೆಳಗ್ಗೆ ಮೆಟ್ರೋದಲ್ಲಿ ಕೂತು ನೋಡಿ, ಒಂದು ಹಾರ್ಟ್ ಒತ್ತಿ, ಮುಂದಕ್ಕೆ ಕಳಿಸಿ, ನ್ಯಾಷನಲ್ ಕಾಲೇಜ್ ಸ್ಟೇಷನ್ನಿನಲ್ಲಿ ಇಳಿದುಬಿಡ್ತೀವಿ.

ಅದು ಕಡಲ ನೀರುನಾಯಿ. ಉತ್ತರ ಪೆಸಿಫಿಕ್ಕಿನ ಕೊರೆಯುವ ನೀರಲ್ಲಿ ಮಾತ್ರ ಬದುಕೋ ಪ್ರಾಣಿ. ಭಾರತದ ಸಮುದ್ರದಲ್ಲಿ ಅದಿಲ್ಲ. ಆದರೆ ಅದರ ದಾಯಾದಿಗಳು ನಮ್ಮ ಕಾವೇರಿಯಲ್ಲಿದ್ದಾರೆ, ತುಂಗಭದ್ರೆಯಲ್ಲಿದ್ದಾರೆ, ಕರಾವಳಿಯ ಅಳಿವೆಗಳಲ್ಲೂ ಇದ್ದಾರೆ. ಬೆಂಗಳೂರಿನಿಂದ ಸುಮಾರು 90 ಕಿಲೋಮೀಟರ್ ದೂರದ ಸಂಗಮ, ಮುತ್ತತ್ತಿ ಕಡೆ ವೀಕೆಂಡ್‌ಗೆ ಹೋಗಿ ಬಂದವರು, ಗೊತ್ತಿಲ್ಲದೆ ಅವುಗಳ ಮನೆ ಮುಂದೆಯೇ ಚಿಪ್ಸ್ ತಿಂದು ಬಂದಿರಬಹುದು.

ಇನ್ನೊಂದು ವಿಷಯ. ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರದ ಮನೆಗಳಲ್ಲಿ ಬೆಳಗ್ಗೆ ಪಾತ್ರೆ ತೊಳೆದ ನೀರು ಕೊನೆಗೆ ಹೋಗಿ ಸೇರೋದು ಎಲ್ಲಿಗೆ ಗೊತ್ತಾ? ಅದೇ ಸಂಗಮಕ್ಕೆ.

ಹುಟ್ಟಿದ್ದು ದೇವಸ್ಥಾನದಲ್ಲಿ

ಕಡಲೆಕಾಯಿ ಪರಿಷೆಗೆ ಹೋದಾಗ ಹಿರಿಯರು ಯಾರಾದರೂ ಹೇಳಿರ್ತಾರೆ: ದೊಡ್ಡ ಬಸವಣ್ಣನ ಪಾದದ ಬಳಿ ಒಂದು ನದಿ ಹುಟ್ಟುತ್ತೆ, ವೃಷಭದ ಪಾದದಲ್ಲಿ ಹುಟ್ಟಿದ್ದಕ್ಕೇ ಅದಕ್ಕೆ ವೃಷಭಾವತಿ ಅಂತ ಹೆಸರು ಅಂತ. ಮಲ್ಲೇಶ್ವರದವರು ಇದನ್ನು ಸುಮ್ಮನೆ ಒಪ್ಪಲ್ಲ. ಕಾಡು ಮಲ್ಲೇಶ್ವರನ ಗುಡಿಯ ಎದುರಿನ ದಕ್ಷಿಣಮುಖ ನಂದಿ ತೀರ್ಥದಲ್ಲಿ, ನಂದಿಯ ಬಾಯಿಂದ ಬಿದ್ದು ಶಿವಲಿಂಗದ ಮೇಲೆ ಹರಿಯೋ ನೀರೇ ಮೂಲ ಅಂತ ಅವರ ವಾದ. ಮಣ್ಣಲ್ಲಿ ಹೂತುಹೋಗಿದ್ದ ಆ ಕಲ್ಯಾಣಿ ಹೊರಗೆ ಬಂದದ್ದು 1997ರಲ್ಲಿ. ಇಬ್ಬರ ಮಾತೂ ಒಂದು ರೀತಿ ಸರಿಯೇ. ನದಿಗೆ ಹಲವು ತಲೆ ಇರುತ್ತೆ. ಹಳೇ ಬೆಂಗಳೂರಿನ ಪಶ್ಚಿಮದ ಇಳಿಜಾರಿನ ನೀರೆಲ್ಲ ಒಂದೇ ಕಣಿವೆಗೆ ಇಳಿಯುತ್ತೆ.

ಈ ಬಡಾವಣೆಗಳ ಕತೆಯಲ್ಲೇ ಒಂದು ವಿಪರ್ಯಾಸ ಇದೆ. 1898ರ ಪ್ಲೇಗಿನಲ್ಲಿ ಪೇಟೆಯ ಇಕ್ಕಟ್ಟು, ಕೊಳಕಿನಿಂದ ಹೆದರಿದ ಜನರಿಗೆ ಗಾಳಿ ಬೆಳಕಿನ ಅಗಲವಾದ ರಸ್ತೆಗಳ ಮಲ್ಲೇಶ್ವರ, ಬಸವನಗುಡಿ ಬೆಳೆದವು. ಮನೆಗಳ ಹಿಂದೆ ಶುಚಿಗೊಳಿಸುವವರಿಗೆ ಅಂತಲೇ ಕನ್ಸರ್ವೆನ್ಸಿ ಗಲ್ಲಿ ಬಿಟ್ಟರು. ಊರಿನ ಕೊಳೆ ಕಣ್ಣಿಗೆ ಕಾಣದಂತೆ ಹಿಂದುಗಡೆಯಿಂದ ಹೊರಗೆ ಹೋಗಲಿ ಅನ್ನೋದು ಲೆಕ್ಕಾಚಾರ. ಹೋಯಿತು. ಹೋಗಿ ಹೋಗಿ ನದಿಗೆ ಬಿತ್ತು.

ಇವತ್ತು ಮೈಸೂರು ರಸ್ತೆಯಲ್ಲಿ ಗಾಳಿ ಆಂಜನೇಯನ ಗುಡಿ ದಾಟಿ ಕಾರಿನ ಕಿಟಕಿ ಏರಿಸ್ತೀವಲ್ಲ, ಆ ವಾಸನೆಯ ಮೋರಿಯೇ ವೃಷಭಾವತಿ. ನಾಯಂಡಹಳ್ಳಿ, ಕೆಂಗೇರಿ ದಾಟಿ, ಬಿಡದಿ ಹತ್ತಿರದ ಬೈರಮಂಗಲ ಜಲಾಶಯದಲ್ಲಿ ನೊರೆ ಉಗುಳಿ, ಕನಕಪುರದ ಸೀಮೆಯಲ್ಲಿ ಅರ್ಕಾವತಿಗೆ ಸೇರುತ್ತೆ. ಅರ್ಕಾವತಿ ಸಂಗಮದಲ್ಲಿ ಕಾವೇರಿಗೆ ಸೇರುತ್ತೆ. ಅಲ್ಲಿಂದ ಸ್ವಲ್ಪವೇ ಕೆಳಗೆ ಮೇಕೆದಾಟು.

ಸಂಗಮದ ಸುತ್ತಮುತ್ತಲಿನ ಕಾಡು 1987ರಲ್ಲಿ ಘೋಷಣೆಯಾದ ಕಾವೇರಿ ವನ್ಯಜೀವಿಧಾಮಕ್ಕೆ ಸೇರಿದ್ದು. ಬಿಳಿ ಮೀನು ಅಂತ ಕರೆಯೋ ದೈತ್ಯ ಮಹಸೀರ್, ಮೊಸಳೆ, ದಂಡೆಯ ಮತ್ತಿಮರಗಳಲ್ಲಿ ಅಳಿಲು, ಮತ್ತೆ ನಮ್ಮ ನೀರುನಾಯಿ, ಇವೆಲ್ಲ ಇರೋದು ಈ ಹರಿವಿನಲ್ಲಿ.

ಯಾರಿದು ನೀರುನಾಯಿ?

ಹೆಸರಲ್ಲಿ ನಾಯಿ ಇದ್ದರೂ ಇದು ನಾಯಿ ಜಾತಿಯದ್ದಲ್ಲ; ಮುಂಗುಸಿಯೂ ಅಲ್ಲ. ಭಾರತದಲ್ಲಿ ಮೂರು ಬಗೆಯ ನೀರುನಾಯಿಗಳಿವೆ. ಕರ್ನಾಟಕದಲ್ಲಿ ಮುಖ್ಯವಾಗಿ ಕಾಣೋದು ಎರಡು. ದೊಡ್ಡ ನದಿ, ಜಲಾಶಯ, ಅಳಿವೆಗಳಲ್ಲಿ ನುಣುಪು ಮೈಯ ನೀರುನಾಯಿ. ಕೊಡಗು, ಚಿಕ್ಕಮಗಳೂರಿನ ಕಾಡು ಮತ್ತು ಕಾಫಿ ತೋಟಗಳ ಹಳ್ಳಗಳಲ್ಲಿ ಅದಕ್ಕಿಂತ ಬಹಳ ಚಿಕ್ಕದಾದ, ಏಡಿ ಹುಡುಕಿ ತಿನ್ನೋ ಪುಟ್ಟ ಉಗುರಿನ ನೀರುನಾಯಿ.

ಕಾವೇರಿಯದ್ದು ನುಣುಪು ಮೈಯದ್ದು. ಮೂಗಿನಿಂದ ಬಾಲದ ತುದಿವರೆಗೆ ಒಂದು ಮೀಟರಿಗೂ ಉದ್ದ. ತೂಕ 7ರಿಂದ 11 ಕೆ.ಜಿ. ಕಾಲ್ಬೆರಳ ಮಧ್ಯೆ ಬಾತುಕೋಳಿಯ ಹಾಗೆ ಪೊರೆ, ಚಪ್ಪಟೆ ಬಾಲ. ದಿನಕ್ಕೆ ಸುಮಾರು ಒಂದು ಕೆ.ಜಿ. ಮೀನು ಬೇಕು. ಇದು ಒಂಟಿ ಬೇಟೆಗಾರನಲ್ಲ. ಅಪ್ಪ, ಅಮ್ಮ, ಹಿಂದಿನ ವರ್ಷದ ಮಕ್ಕಳು, ಈ ವರ್ಷದ ಮರಿಗಳು ಎಲ್ಲ ಸೇರಿದ ಅವಿಭಕ್ತ ಕುಟುಂಬ. ಸಾಲಾಗಿ ಹರಡಿಕೊಂಡು, ಒಂದನ್ನೊಂದು ಸಿಳ್ಳೆ ಹಾಕಿ ಕರೀತಾ, ಮೀನಿನ ಹಿಂಡನ್ನು ದಂಡೆಯ ಕಡೆ ಒತ್ತರಿಸಿ ಹಿಡೀತವೆ.

ಊಟ ಮುಗಿದ ಮೇಲೆ ಮರಳಲ್ಲಿ ಹೊರಳಾಡಿ ಮೈ ಒಣಗಿಸಿಕೊಳ್ಳೋದು, ಬಂಡೆಯ ಮೇಲೆ ಬಿಸಿಲು ಕಾಯೋದು ನಿತ್ಯದ ಕೆಲಸ. ಇಡೀ ಕುಟುಂಬಕ್ಕೆ ಒಂದೇ ಶೌಚದ ಜಾಗ. ಅದರಲ್ಲಿ ಸಿಗೋ ಮೀನಿನ ಹುರುಪೆ, ಮುಳ್ಳು ನೋಡಿಯೇ ಸಂಶೋಧಕರು ಇದು ಏನು ತಿಂತು, ಈ ದಾರಿಯಲ್ಲಿ ಇದೆಯೋ ಇಲ್ಲವೋ ಅಂತ ಲೆಕ್ಕ ಹಾಕೋದು. ಮರಿ ಹಾಕೋದು ದಂಡೆಯ ಬಿಲದಲ್ಲಿ, ಬೇರುಗಳ ಸಂದಿಯಲ್ಲಿ, ಬಂಡೆಗಳ ಪೊಟರೆಯಲ್ಲಿ.

ಅಂದರೆ ಇದಕ್ಕೆ ಮೂರು ಒಟ್ಟಿಗೆ ಬೇಕು: ಮೀನಿರುವ ನೀರು, ಮರಳಿರುವ ದಂಡೆ, ಗಲಾಟೆಯಿಲ್ಲದ ಬಿಲ. ಒಂದು ಹೋದರೂ ಸಂಸಾರ ಎತ್ತಂಗಡಿ. ಮರಳು ಗಣಿಗಾರಿಕೆ ದಂಡೆಯನ್ನೇ ಲಾರಿಗೆ ತುಂಬುತ್ತೆ. ಸಿಡಿಮದ್ದು ಮೀನಿನ ಜೊತೆ ಮರಿಗಳನ್ನೂ ಸಾಯಿಸುತ್ತೆ. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ ಈ ಎರಡೂ ಜಾತಿಗಳನ್ನು ಅಪಾಯಕ್ಕೆ ಈಡಾಗುವ ಪಟ್ಟಿಯಲ್ಲಿ ಇಟ್ಟಿರೋದು ಸುಮ್ಮನೆ ಅಲ್ಲ.

ಚರ್ಮದ ಕಾಟ ಬೇರೆ. 2003ರ ಅಕ್ಟೋಬರ್‌ನಲ್ಲಿ ಟಿಬೆಟ್ಟಿನ ಒಂದು ಚೆಕ್‌ಪೋಸ್ಟಿನಲ್ಲಿ ಒಂದೇ ಸಲಕ್ಕೆ ಸಿಕ್ಕಿಬಿದ್ದ ಚರ್ಮಗಳ ಲೆಕ್ಕ ಕೇಳಿ: ಹುಲಿ 31, ಚಿರತೆ 581, ನೀರುನಾಯಿ 778. ಹುಲಿಯ ಸುದ್ದಿ ಎಲ್ಲ ಕಡೆ ಬಂತು. ನೀರುನಾಯಿಗೆ ಅಳುವವರು ಕಡಿಮೆ. 2019ರಲ್ಲಿ ಈ ಎರಡೂ ಜಾತಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ಸೈಟಿಸ್ ಒಪ್ಪಂದದ ಅಡಿ ಪೂರ್ತಿ ನಿಷೇಧಿಸಲಾಯಿತು. ಚರ್ಮಕ್ಕಷ್ಟೇ ಅಲ್ಲ, ಏಷ್ಯಾದ ಕೆಲವು ದೇಶಗಳಲ್ಲಿ ಇನ್‌ಸ್ಟಾಗ್ರಾಂ ನೋಡಿ ಮರಿಗಳನ್ನು ಮನೆಯಲ್ಲಿ ಸಾಕೋ ಖಯಾಲಿ ಶುರುವಾಗಿತ್ತು. ನಾವು ಒತ್ತೋ ಹಾರ್ಟಿಗೂ ಒಂದು ಬೆಲೆ ಇದೆ ಅಂತಾಯ್ತು.

ಬಲೆಯವರ ಮಾತೂ ಕೇಳಬೇಕು

ಇಲ್ಲಿಯವರೆಗೆ ಓದಿ 'ಪಾಪ' ಅಂದಿರುತ್ತೀರಿ. ಈಗ ದಂಡೆಯ ಮೇಲೆ ನಿಂತು ನೋಡೋಣ.

ನದಿಯ ಮೀನುಗಾರ ಅಂದರೆ ದೊಡ್ಡ ಬೋಟು, ಐಸ್ ಪ್ಲಾಂಟು ಇರೋ ಮನುಷ್ಯ ಅಲ್ಲ. ಒಂದು ಹರಿಗೋಲು, ನಾಲ್ಕಾರು ಬಲೆ, ಗಂಡ ಹೆಂಡತಿ ಇಬ್ಬರ ದುಡಿಮೆ. ಬೆಸ್ತರು, ಗಂಗಾಮತಸ್ಥರು, ಅಂಬಿಗರು ಅಂತ ಊರಿಗೊಂದು ಹೆಸರು. ಇಲಾಖೆಯ ಪರವಾನಗಿ ಅಥವಾ ಸಹಕಾರ ಸಂಘದ ಮೂಲಕ ಮೀನು ಹಿಡಿಯೋ ಹಕ್ಕು. ಸಂಜೆ ಬಲೆ ಕಟ್ಟಿ ಬರಬೇಕು, ನಸುಕಿಗೆ ಹೋಗಿ ಬಿಡಿಸಬೇಕು, ಬಿಸಿಲೇರೋ ಮೊದಲು ಮಾರಬೇಕು.

ರಾತ್ರಿ ಆ ಬಲೆಯ ಹತ್ತಿರ ನೀರುನಾಯಿ ಕುಟುಂಬ ಬಂತು ಅಂತಿಟ್ಟುಕೊಳ್ಳಿ. ಅದರ ಕಣ್ಣಿಗೆ ಅದು ಬಲೆ ಅಲ್ಲ, ಬಡಿಸಿಟ್ಟ ಎಲೆ. ಸಿಕ್ಕಿಬಿದ್ದ ಮೀನನ್ನು ಕಿತ್ತು ತಿನ್ನುತ್ತೆ, ಕೀಳುವಾಗ ನೈಲಾನ್ ಹರಿಯುತ್ತೆ. ಬೆಳಗ್ಗೆ ಹೋದವನಿಗೆ ಸಿಗೋದು ಅರ್ಧ ತಿಂದ ಮೀನು, ತೂತು ಬಿದ್ದ ಬಲೆ. ಅವತ್ತಿನ ಸಂಪಾದನೆ ಹೋಯ್ತು. ಬಲೆ ಹೆಣೆಯೋಕೆ ಇನ್ನೊಂದು ದಿನವೂ ಹೋಯ್ತು. ನಮ್ಮ ಲ್ಯಾಪ್‌ಟಾಪನ್ನು ಯಾರೋ ಒಡೆದು, 'ಅದು ಮುದ್ದಾದ ಪ್ರಾಣಿ, ಕಾನೂನಿನ ರಕ್ಷಣೆ ಇದೆ, ಏನೂ ಅನ್ನಬೇಡಿ' ಅಂದರೆ ನಾವು ಸುಮ್ಮನಿರ್ತೀವಾ?

ಹಾಗಾಗಿ ನದಿ ದಂಡೆಯಲ್ಲಿ ನೀರುನಾಯಿಯ ಮೇಲೆ ಸಿಟ್ಟಿದೆ. ಅದನ್ನು ಅಜ್ಞಾನ ಅಂತ ತಳ್ಳಿಹಾಕೋದು ನಗರದಲ್ಲಿ ಕೂತವರಿಗೆ ಸುಲಭ.

ಆದರೆ ಇನ್ನೊಂದು ಲೆಕ್ಕವೂ ಇದೆ. ಮೀನುಗಾರನ ಮೀನು ಕದ್ದವರ ಪಟ್ಟಿ ಮಾಡಿದರೆ ನೀರುನಾಯಿ ಮೊದಲನೇದಲ್ಲ. ಮೇಲುಗಡೆಯ ಅಣೆಕಟ್ಟು ನೀರು ಹಿಡಿದು ಬಿಟ್ಟು ಮಾಡೋದರಿಂದ ಮೀನು ಮೊಟ್ಟೆ ಇಡೋ ಸಮಯ ತಪ್ಪುತ್ತೆ. ಸೊಳ್ಳೆ ಪರದೆಯಷ್ಟು ಸಣ್ಣ ಕಣ್ಣಿನ ಬಲೆ ಮರಿಮೀನನ್ನೂ ಬಾಚುತ್ತೆ. ಸಿಡಿಮದ್ದು ಹಾಕುವವರು ಒಂದೇ ಏಟಿಗೆ ಒಂದು ಮಡುವನ್ನೇ ಖಾಲಿ ಮಾಡ್ತಾರೆ. ಜೊತೆಗೆ ಊರಿನ ಕೊಳಚೆ, ಕಾರ್ಖಾನೆಯ ಕಲ್ಮಶ. ಇವು ಯಾವುವೂ ಬೆಳಗ್ಗೆ ಬಲೆಯ ಪಕ್ಕ ಹೆಜ್ಜೆಗುರುತು ಬಿಟ್ಟು ಹೋಗಲ್ಲ. ನೀರುನಾಯಿ ಬಿಡುತ್ತೆ. ಕಣ್ಣಿಗೆ ಕಂಡ ಕಳ್ಳನ ಮೇಲೆಯೇ ಎಲ್ಲ ಕಳ್ಳತನದ ಹೊರೆ.

ಬೇಸಿಗೆಯಲ್ಲಿ ಇದು ಇನ್ನೂ ಬಿಗಡಾಯಿಸುತ್ತೆ. ಹೊಳೆ ಬತ್ತಿ ಅಲ್ಲಲ್ಲಿ ಆಳವಾದ ಮಡುಗಳಷ್ಟೇ ಉಳಿದಾಗ ಮೀನು, ನೀರುನಾಯಿ, ಮೊಸಳೆ, ಮೀನುಗಾರ ಎಲ್ಲರೂ ಅದೇ ಮಡುವಿಗೆ ಬರಬೇಕು. ಜಗಳ ಆಗೋದೇ ಆಗ. ನದಿಯಲ್ಲಿ ನೀರೂ ಮೀನೂ ಸಾಕಷ್ಟು ಇದ್ದರೆ ಇಬ್ಬರಿಗೂ ಜಾಗ ಇರುತ್ತೆ. ಕಮ್ಮಿಯಾದಷ್ಟೂ ಒಬ್ಬರಿಗೊಬ್ಬರು ವೈರಿ.

ಇಬ್ಬರೂ ಸ್ನೇಹಿತರಾಗಿ ಬದುಕಿದ ಉದಾಹರಣೆಯೂ ಇದೆ. ಬಾಂಗ್ಲಾದೇಶದ ನಡಾಯಿಲ್ ಜಿಲ್ಲೆಯ ಮೀನುಗಾರರು ಇದೇ ನುಣುಪು ಮೈಯ ನೀರುನಾಯಿಯನ್ನು ತಲೆಮಾರುಗಳಿಂದ ಸಾಕಿ ಪಳಗಿಸಿದ್ದಾರೆ. ದೋಣಿಯ ಬದಿಯಿಂದ ಇಳಿಬಿಟ್ಟ ನೀರುನಾಯಿಗಳು ಮೀನನ್ನು ಬೆದರಿಸಿ ಬಲೆಗೆ ಅಟ್ಟುತ್ತವೆ; ಕೆಲಸ ಮುಗಿದ ಮೇಲೆ ಪಾಲು ತಗೊಳ್ಳುತ್ತವೆ. ಅಲ್ಲೂ ಈಗ ಮೀನು ಕಮ್ಮಿಯಾಗಿ ಈ ಕಸುಬು ನಿಂತುಹೋಗೋ ಹಂತದಲ್ಲಿದೆ.

ಕಡಲಾಚೆ ನಡೆದದ್ದು

ಮೀನುಗಾರ ಮತ್ತು ನೀರುನಾಯಿಯ ಜಗಳ ಎಷ್ಟು ದೂರ ಹೋಗಬಹುದು ಅಂತ ತಿಳಿಯೋಕೆ ಆ ವಿಡಿಯೊದ ಪ್ರಾಣಿಯ ಕತೆಗೇ ವಾಪಸ್ ಹೋಗಬೇಕು.

ಕಡಲ ನೀರುನಾಯಿಯ ತುಪ್ಪಳ ಪ್ರಾಣಿ ಪ್ರಪಂಚದಲ್ಲೇ ಅತಿ ದಟ್ಟವಾದದ್ದು. ಅದೇ ಅದಕ್ಕೆ ಶಾಪವಾಯ್ತು. 1741ರಲ್ಲಿ ಬೇರಿಂಗ್‌ನ ಹಡಗಿನವರು ಅಲಾಸ್ಕಾ ಕಡೆಯಿಂದ ಚರ್ಮ ತಂದ ಮೇಲೆ ಶುರುವಾದ ಬೇಟೆ 170 ವರ್ಷ ನಡೆಯಿತು. ಒಂದೂವರೆ ಲಕ್ಷದಿಂದ ಮೂರು ಲಕ್ಷದವರೆಗೆ ಇದ್ದಿರಬಹುದು ಅಂತ ಅಂದಾಜಿರುವ ಪ್ರಾಣಿ, 1911ರಲ್ಲಿ ಅಂತರರಾಷ್ಟ್ರೀಯ ಒಪ್ಪಂದ ಬೇಟೆ ನಿಲ್ಲಿಸೋ ಹೊತ್ತಿಗೆ ಒಂದೆರಡು ಸಾವಿರಕ್ಕೆ ಇಳಿದಿತ್ತು. ಕ್ಯಾಲಿಫೋರ್ನಿಯಾದಲ್ಲಂತೂ ಮುಗಿದೇ ಹೋಯ್ತು ಅಂದುಕೊಂಡಿದ್ದರು. 1938ರಲ್ಲಿ ಒಂದು ಸೇತುವೆಯ ಕೆಳಗೆ ಸುಮಾರು 50 ಕಾಣಿಸಿಕೊಂಡವು.

ಅವು ಇಲ್ಲದ ಕಡೆ ಸಮುದ್ರದ ತಳವೇ ಬದಲಾಗಿತ್ತು. ಮುಳ್ಳುಚೆಂಡಿನ ಹಾಗಿರುವ ಕಡಲ ಮುಳ್ಳುಜೀವಿಗಳು, ಅಂದರೆ ಸೀ ಅರ್ಚಿನ್‌ಗಳು, ನೀರುನಾಯಿಯ ಇಷ್ಟದ ಊಟ. ತಿನ್ನುವವರು ಇಲ್ಲವಾದಾಗ ಅವು ಲೆಕ್ಕವಿಲ್ಲದಷ್ಟು ಹೆಚ್ಚಿ, ಮರದೆತ್ತರ ಬೆಳೆಯೋ ಕೆಲ್ಪ್ ಪಾಚಿಯ ಕಾಡನ್ನೇ ಬುಡಸಮೇತ ಮೇಯ್ದುಬಿಟ್ಟವು. ಆ ಕಾಡು ಹೋದರೆ ಅದರಲ್ಲಿ ಮರಿ ಬೆಳೆಸೋ ಮೀನೂ ಹೋಯ್ತು.

ಆದರೆ ನೀರುನಾಯಿ ಇಲ್ಲದ ಆ ವರ್ಷಗಳಲ್ಲೇ ಕ್ಯಾಲಿಫೋರ್ನಿಯಾದಲ್ಲಿ ಅಬಲೋನಿ ಚಿಪ್ಪುಜೀವಿ ಮತ್ತು ಸೀ ಅರ್ಚಿನ್ ಹಿಡಿದು ಮಾರುವವರ ಬದುಕು ಬೇರೂರಿತ್ತು. ನೀರುನಾಯಿ ವಾಪಸ್ ಬಂದಾಗ ಅವರಿಗೆ ಅದು ಅನ್ನ ಕಸಿಯೋಕೆ ಬಂದ ಹಾಗೇ ಕಂಡಿತು. ಸರ್ಕಾರ 1987ರಲ್ಲಿ ಒಂದು ಉಪಾಯ ಮಾಡಿತು. ದೂರದ ಸ್ಯಾನ್ ನಿಕೊಲಸ್ ದ್ವೀಪಕ್ಕೆ ಒಂದಿಷ್ಟು ನೀರುನಾಯಿಗಳನ್ನು ಸಾಗಿಸೋದು, ಉಳಿದ ದಕ್ಷಿಣದ ಕಡಲನ್ನು ನೀರುನಾಯಿ ರಹಿತ ವಲಯ ಅಂತ ಘೋಷಿಸೋದು. 140 ಪ್ರಾಣಿಗಳನ್ನು ಒಯ್ದು ಬಿಟ್ಟರು. ಬಹಳಷ್ಟು ಅಲ್ಲಿ ನಿಲ್ಲಲೇ ಇಲ್ಲ. ಕೆಲವು ಈಜಿಕೊಂಡು ತಮ್ಮ ಹಳೇ ಜಾಗಕ್ಕೇ ಹೋದವು. ನೀರಿನ ಮೇಲೆ ಎಳೆದ ಗೆರೆ ನೀರುನಾಯಿಗೆ ಕಾಣುತ್ತಾ? 2012ರಲ್ಲಿ ಆ ವಲಯವನ್ನೇ ಕೈಬಿಟ್ಟರು. ಇವತ್ತು ಕ್ಯಾಲಿಫೋರ್ನಿಯಾದಲ್ಲಿ ಇರೋದು ಸುಮಾರು 3,000. ಅಲಾಸ್ಕಾದ ಅಲ್ಯೂಷನ್ ದ್ವೀಪಗಳಲ್ಲಿ 1990ರ ದಶಕದಿಂದ ಮತ್ತೆ ಕುಸಿತ. ಕೊಲೆಗಾರ ತಿಮಿಂಗಿಲಗಳು ಅವನ್ನು ತಿನ್ನತೊಡಗಿದ್ದು ಮುಖ್ಯ ಕಾರಣ ಅಂತ ವಿಜ್ಞಾನಿಗಳ ವಿವರಣೆ.

ಈ ಕತೆಯಲ್ಲಿ ಬೆಂಗಳೂರಿನವರು ಗಮನಿಸಬೇಕಾದ ಭಾಗ ಇನ್ನೊಂದಿದೆ. ಕ್ಯಾಲಿಫೋರ್ನಿಯಾದ ನೀರುನಾಯಿಗಳು ಟಾಕ್ಸೊಪ್ಲಾಸ್ಮಾ ಅನ್ನೋ ಪರೋಪಜೀವಿಯಿಂದ ಮಿದುಳಿನ ಸೋಂಕಾಗಿ ಸಾಯುತ್ತಿದ್ದವು. ಅದು ಬರೋದು ಬೆಕ್ಕಿನ ಮಲದಿಂದ. ಸಮುದ್ರದೊಳಗೆ ಬೆಕ್ಕು ಎಲ್ಲಿಂದ ಬಂತು? ಮಳೆ ನೀರು, ಚರಂಡಿ ನೀರು ಅದನ್ನು ಊರಿನಿಂದ ಕಡಲಿಗೆ ಒಯ್ದಿತ್ತು. 2006ರಲ್ಲಿ ಅಲ್ಲಿ ಕಾನೂನೇ ಬಂತು: ಸಾಕು ಬೆಕ್ಕಿನ ಕ್ಯಾಟ್ ಲಿಟರ್ ಪೊಟ್ಟಣದ ಮೇಲೆ, ಇದನ್ನು ಟಾಯ್ಲೆಟ್ಟಿಗೆ ಮೋರಿಗೆ ಹಾಕಬೇಡಿ ಅಂತ ಬರೆದಿರಬೇಕು. ಮನೆಯ ಬಚ್ಚಲಿಗೂ ಕಡಲ ಪ್ರಾಣಿಗೂ ಇರುವ ಸಂಬಂಧ ಕಾನೂನಿನ ಪುಸ್ತಕಕ್ಕೇ ಏರಿತು.

ತುಂಗಭದ್ರೆಯ 34 ಕಿಲೋಮೀಟರ್

ನಮ್ಮ ರಾಜ್ಯ ಕೈಕಟ್ಟಿ ಕೂತಿಲ್ಲ. 2015ರಲ್ಲಿ ತುಂಗಭದ್ರಾ ಅಣೆಕಟ್ಟಿನ ಕೆಳಗಿನಿಂದ ಕಂಪ್ಲಿ ಸೇತುವೆಯವರೆಗೆ 34 ಕಿ.ಮೀ. ನದಿಯನ್ನು ನೀರುನಾಯಿ ಸಂರಕ್ಷಣಾ ಮೀಸಲು ಪ್ರದೇಶ ಅಂತ ಘೋಷಿಸಲಾಯಿತು. ನೀರುನಾಯಿಗೋಸ್ಕರವೇ ಇಂಥ ಮೀಸಲು ದೇಶದಲ್ಲಿ ಅದೇ ಮೊದಲು. ಹಂಪಿಗೆ ಹೋಗಿ ವಿರೂಪಾಪುರ ಗಡ್ಡೆ ಕಡೆ ನೋಡ್ತಾ ಬಂಡೆಯ ಮೇಲೆ ಕೂತು ಸೆಲ್ಫಿ ತಗೊಂಡಿದ್ದರೆ, ನೀವೂ ಆ ಮೀಸಲಿನ ಅಂಚಿನಲ್ಲೇ ಇದ್ದಿರಿ.

ಇಲ್ಲೊಂದು ಕಾನೂನಿನ ಸೂಕ್ಷ್ಮ ಇದೆ. ರಾಷ್ಟ್ರೀಯ ಉದ್ಯಾನ ಮಾಡಿದರೆ ಜನರನ್ನು ಹೊರಗಿಡಬೇಕಾಗುತ್ತೆ. 'ಸಂರಕ್ಷಣಾ ಮೀಸಲು' ಅನ್ನೋದು ವನ್ಯಜೀವಿ ಕಾಯ್ದೆಗೆ 2002ರ ತಿದ್ದುಪಡಿಯಲ್ಲಿ ಸೇರಿದ ಬೇರೆ ವ್ಯವಸ್ಥೆ. ಸರ್ಕಾರಿ ಜಾಗದಲ್ಲಿ, ಸ್ಥಳೀಯರ ಜೊತೆ ಮಾತಾಡಿ ಘೋಷಿಸಬೇಕು. ನಿರ್ವಹಣೆಯ ಸಮಿತಿಯಲ್ಲಿ ಪಂಚಾಯಿತಿಯವರೂ ಇರಬೇಕು. ಅಂದರೆ ಹರಿಗೋಲಿನವರನ್ನು ಓಡಿಸದೆ ನೀರುನಾಯಿ ಉಳಿಸೋ ದಾರಿ ಕಾನೂನಿನಲ್ಲೇ ಇದೆ. ಸಿಡಿಮದ್ದು, ವಿಷ, ಸೊಳ್ಳೆ ಪರದೆ ಬಲೆ ನಿಂತರೆ ನೀರುನಾಯಿಗೆ ಎಷ್ಟು ಲಾಭವೋ ಕ್ರಮವಾಗಿ ಬಲೆ ಬೀಸುವ ಬೆಸ್ತರಿಗೂ ಅಷ್ಟೇ ಲಾಭ. ಕಾವಲು ಕಾಯೋ ಕೆಲಸಕ್ಕೆ ನದಿಯ ಇಂಚಿಂಚೂ ಗೊತ್ತಿರುವ ಅವರಿಗಿಂತ ಒಳ್ಳೇ ಜನ ಎಲ್ಲಿ ಸಿಗ್ತಾರೆ?

ಪರಿಹಾರದ ಮಾತೂ ಆಡಬೇಕು. ಕಾಡಾನೆ ಜೋಳದ ಹೊಲ ತುಳಿದರೆ ಅರ್ಜಿ ಇದೆ, ದರಪಟ್ಟಿ ಇದೆ. ಅದು ಸಾಲಲ್ಲ, ತಡ ಆಗುತ್ತೆ ಅನ್ನೋದು ಬೇರೆ ವಿಷಯ. ರೈತನ ಹೊಲಕ್ಕಿರುವ ಗೌರವ ಮೀನುಗಾರನ ಬಲೆಗೂ ಸಿಗಬೇಕು. ಒಂದು ಬಲೆಯ ಬೆಲೆ ನಗರದ ಒಂದು ವೀಕೆಂಡ್ ಊಟದ ಬಿಲ್ಲಿನ ಮುಂದೆ ದೊಡ್ಡದಲ್ಲ. ಆ ಮನೆಗೆ ದೊಡ್ಡದು.

ಕರಾವಳಿಯ ಅಳಿವೆಗಳಲ್ಲಿ

ನದಿ ಮುಗಿದು ಕಡಲು ಶುರುವಾಗೋ ಜಾಗದಲ್ಲೂ ನೀರುನಾಯಿ ಇದೆ. ಉಪ್ಪು ನೀರೂ ಸಿಹಿ ನೀರೂ ಕೂಡೋ ಅಳಿವೆ, ಕಾಂಡ್ಲಾ ಕಾಡು ಅದಕ್ಕೆ ಹಿಡಿಸಿದ ಜಾಗ. ಉತ್ತರ ಕನ್ನಡದ ಅಘನಾಶಿನಿಯನ್ನೇ ನೋಡಿ. ದೊಡ್ಡ ಅಣೆಕಟ್ಟಿನ ತಡೆಯಿಲ್ಲದೆ ಕಡಲು ಸೇರೋ ಅಪರೂಪದ ನದಿ. ಅಳಿವೆಯಲ್ಲಿ ಇಳಿತದ ಹೊತ್ತಿಗೆ ಹೆಂಗಸರೂ ಗಂಡಸರೂ ಸೊಂಟದ ನೀರಿಗಿಳಿದು ಬಳಚು ಆರಿಸ್ತಾರೆ. ಗಜನಿ ಗದ್ದೆಯಲ್ಲಿ ಮಳೆಗಾಲಕ್ಕೆ ಉಪ್ಪು ತಡೆಯೋ ಕಗ್ಗ ಭತ್ತ, ಆಮೇಲೆ ಮೀನು, ಸಿಗಡಿ. ಈ ಅಳಿವೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ನೀರು ತಡೆಯಿಲ್ಲದೆ ಹರಿದರೆ ಎಷ್ಟು ಬಗೆಯ ಜನ, ಎಷ್ಟು ಬಗೆಯ ಜೀವ ಒಂದೇ ನೀರನ್ನು ಹಂಚಿಕೊಂಡು ಬದುಕಬಹುದು ಅನ್ನೋದಕ್ಕೆ ಅಘನಾಶಿನಿಯೇ ಸಾಕ್ಷಿ.

ಸಿಂಗಪುರದಲ್ಲಿ ಆದದ್ದು ಇಲ್ಲಿ ಯಾಕಾಗಲ್ಲ?

ಆನ್‌ಸೈಟ್ ಅಂತ ಸಿಂಗಪುರಕ್ಕೆ ಹೋದ ಸ್ನೇಹಿತರು ಇದ್ದರೆ ಕೇಳಿ ನೋಡಿ. ಮರೀನಾ ಬೇ ಪಕ್ಕ, ಆಫೀಸ್ ಕಟ್ಟಡಗಳ ಕೆಳಗೆ, ಜಾಗಿಂಗ್ ಹಾದಿಯಲ್ಲಿ ನೀರುನಾಯಿ ಕುಟುಂಬಗಳು ಸಾಲಾಗಿ ಓಡ್ತಿರುತ್ತವೆ. ನಮ್ಮ ಕಾವೇರಿಯದ್ದೇ ಜಾತಿ.

ಸಿಂಗಪುರದ ನದಿಯೂ ಒಂದು ಕಾಲಕ್ಕೆ ನಮ್ಮ ವೃಷಭಾವತಿಯ ಅಕ್ಕನೇ. ಹಂದಿ ಗೂಡು, ಬೀದಿ ಅಂಗಡಿ, ಶೌಚ ಎಲ್ಲದರ ಕೊಳೆಯೂ ಅದಕ್ಕೆ. 1977ರಲ್ಲಿ ಅಲ್ಲಿನ ಪ್ರಧಾನಿ ಲೀ ಕುವಾನ್ ಯೂ ಹತ್ತು ವರ್ಷದ ಗಡುವು ಹಾಕಿದರು. 1987ಕ್ಕೆ ನದಿ ಶುಚಿಯಾಗಿತ್ತು. ಸುಮ್ಮನೆ ಅಲ್ಲ: ಸಾವಿರಾರು ಕುಟುಂಬಗಳನ್ನು, ಅಂಗಡಿಗಳನ್ನು ಎಬ್ಬಿಸಿದ ಕಠಿಣ ಕೆಲಸ ಅದು. ಆದರೆ ನೀರುನಾಯಿಯನ್ನು ಯಾರೂ ತಂದು ಬಿಡಲಿಲ್ಲ. 1990ರ ದಶಕದ ಕೊನೆಗೆ ಅವೇ ಈಜಿಕೊಂಡು ಬಂದವು. ಈಗ ಶ್ರೀಮಂತರ ಮನೆಯ ಕೊಳದ ದುಬಾರಿ ಕೋಯ್ ಮೀನು ತಿಂದು ಅಲ್ಲೂ ಬೈಗುಳ ತಿನ್ನುತ್ತಿವೆ. ಇರಲಿ, ಅದು ಒಳ್ಳೇ ತಲೆನೋವು.

ಹಾಗಂತ ನಾಳೆಯೇ ಕೆಂಪಾಂಬುಧಿ ಕೆರೆಗೆ ನೀರುನಾಯಿ ಬರುತ್ತೆ ಅಂತ ನಾನು ಹೇಳಲ್ಲ. ಆದರೆ ಕಾವೇರಿಯಲ್ಲಿ ಇರೋದು ಉಳಿಯಬೇಕಾದರೆ ನಮ್ಮ ಪಾಲಿನ ಕೆಲಸ ಇದೆ. ಯಾಕಂದ್ರೆ ಆ ನದಿಯ ಜೊತೆ ನಮ್ಮದು ಎರಡು ಕಡೆಯ ವ್ಯವಹಾರ. ಶಿವನಸಮುದ್ರದ ಹತ್ತಿರದಿಂದ ನೀರು ತೊರೆಕಾಡನಹಳ್ಳಿಗೆ ಬಂದು, ಹಾರೋಹಳ್ಳಿ, ತಾತಗುಣಿ ಪಂಪ್‌ಹೌಸ್ ಏರಿ, ಸುಮಾರು 100 ಕಿ.ಮೀ. ದಾರಿ ಸವೆಸಿ ನಮ್ಮ ನಲ್ಲಿಗೆ ಬರುತ್ತೆ. 2024ರ ಅಕ್ಟೋಬರ್‌ನಲ್ಲಿ ಶುರುವಾದ 5ನೇ ಹಂತ ಒಂದೇ ದಿನಕ್ಕೆ 77.5 ಕೋಟಿ ಲೀಟರ್ ಎತ್ತುವ ಯೋಜನೆ. ಶುದ್ಧ ನೀರು ಎತ್ತಿಕೊಂಡು, ಹೊಲಸು ನೀರು ವಾಪಸ್ ಕೊಡೋದು. ನದಿಯ ಕಡೆಯಿಂದ ನೋಡಿದರೆ ಬೆಂಗಳೂರು ಅಂದರೆ ಇಷ್ಟೇ.

2024ರ ಬೇಸಿಗೆ ನೆನಪಿದೆಯಲ್ಲ? ಕುಡಿಯೋ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂದಾಗ ನಾವೆಲ್ಲ ಬಕೆಟ್ ಲೆಕ್ಕ ಹಾಕಿದ್ದೆವು. ಆ ಶಿಸ್ತು ಮಳೆ ಬಂದ ಮೇಲೆ ಮರೆತುಹೋಯ್ತು. ಮರೆಯದೆ ಮಾಡಬಹುದಾದ್ದು ಕೆಲವು:

- ಅಪಾರ್ಟ್‌ಮೆಂಟ್‌ನಲ್ಲಿದ್ದರೆ ಮುಂದಿನ ಅಸೋಸಿಯೇಷನ್ ಮೀಟಿಂಗಿನಲ್ಲಿ ಒಂದೇ ಪ್ರಶ್ನೆ ಕೇಳಿ: ನಮ್ಮ ಎಸ್‌ಟಿಪಿ ನಿಜವಾಗಲೂ ಓಡ್ತಿದೆಯಾ, ಅಥವಾ ರಾತ್ರಿ ಬೈಪಾಸ್ ಮಾಡಿ ಮೋರಿಗೆ ಬಿಡ್ತಿದ್ದೀವಾ?

- ಹಳೇ ಬಡಾವಣೆಯ ಸ್ವಂತ ಮನೆಯಾದರೆ ಶೌಚದ ಪೈಪು ಒಳಚರಂಡಿಗೆ ಸೇರಿದೆಯಾ, ಮಳೆ ನೀರಿನ ಮೋರಿಗೆ ಸೇರಿದೆಯಾ ಒಮ್ಮೆ ಪ್ಲಂಬರ್ ಕರೆಸಿ ನೋಡಿ. ಅಜ್ಜನ ಕಾಲದ ಮನೆಗಳಲ್ಲಿ ಈ ಗೊಂದಲ ಇರೋದುಂಟು.

- ಅವಧಿ ಮುಗಿದ ಮಾತ್ರೆ, ಪೇಂಟು, ಟರ್ಪೆಂಟೈನ್, ಕರಿದ ಎಣ್ಣೆ, ಕ್ಯಾಟ್ ಲಿಟರ್ ಸಿಂಕಿಗೂ ಬೇಡ, ಕಮೋಡಿಗೂ ಬೇಡ.

- ಸಂಗಮ, ಮುತ್ತತ್ತಿ, ಭೀಮೇಶ್ವರಿ ಕಡೆ ಹೋದರೆ ಬಾಟಲಿ ಒಡೆಯಬೇಡಿ, ಸ್ಪೀಕರ್ ಹಾಕಬೇಡಿ. ಮರಳ ಮೇಲೆ ಪೊರೆಯಿರುವ ಬೆರಳಿನ ಹೆಜ್ಜೆ, ಹುರುಪೆ ತುಂಬಿದ ಹಿಕ್ಕೆ ಕಂಡರೆ ನೋಡಿ ಖುಷಿಪಟ್ಟು ಹಿಂದೆ ಸರಿಯಿರಿ. ಹತ್ತಿರದಲ್ಲೇ ಮರಿಗಳಿರಬಹುದು.

- ನದಿಯಲ್ಲಿ ಸಿಡಿಮದ್ದಿನ ಸದ್ದು ಕೇಳಿದರೆ, ಉರುಳಿಗೆ ಬಿದ್ದ ಪ್ರಾಣಿ ಕಂಡರೆ, ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಹೇಳಿ.

- ಮೀನು ತಿನ್ನುವವರಾದರೆ ದಂಡೆಯ ಮೀನುಗಾರರಿಂದಲೇ ಕೊಳ್ಳಿ, ಚೌಕಾಸಿ ಮಾಡಬೇಡಿ. ಬಲೆಯ ಬಗ್ಗೆ, ನೀರುನಾಯಿಯ ಬಗ್ಗೆ ಎರಡು ಮಾತು ಕೇಳಿ. ಅವರಿಗೆ ಗೊತ್ತಿರೋ ನದಿ ಯಾವ ಆ್ಯಪಿನಲ್ಲೂ ಸಿಗಲ್ಲ.

ಬಸವನಗುಡಿಯ ಎಷ್ಟೋ ಮನೆಗಳಲ್ಲಿ ಮೀನಿನ ಹೆಸರೇ ಎತ್ತುವ ಹಾಗಿಲ್ಲ. ಹಾಗಿದ್ದರೂ ಬೆಳಗ್ಗೆ ಸ್ನಾನದ ಚೊಂಬು ಎತ್ತಿ 'ಗಂಗೇಚ ಯಮುನೇ' ಅನ್ನುವಾಗ ಕಾವೇರಿಯ ಹೆಸರೂ ಬಂದೇ ಬರುತ್ತೆ. ಹೆಸರು ಹೇಳಿ ಕರೆದ ಆ ನೀರು ಮೈಮೇಲಿಂದ ಇಳಿದು ಬಚ್ಚಲು ಸೇರಿ, ಬಸವನ ಪಾದದ ಕೆಳಗೆ ಹಾದು, ಮೈಸೂರು ರಸ್ತೆ ದಾಟಿ, ಸಂಗಮದ ಹಾದಿ ಹಿಡಿಯುತ್ತೆ. ಅಲ್ಲಿ ಒಬ್ಬ ಹರಿಗೋಲಿನವನು ಬಲೆ ಬಿಡಿಸ್ತಿರ್ತಾನೆ. ಸ್ವಲ್ಪ ದೂರದ ಬಂಡೆಯ ಮೇಲೆ ಒಂದು ನೀರುನಾಯಿ ಕುಟುಂಬ ಅವನನ್ನೇ ನೋಡ್ತಿರುತ್ತೆ. ಇಬ್ಬರಿಗೂ ಅವತ್ತಿನ ಊಟ ಆ ನೀರಿನಲ್ಲೇ ಸಿಗಬೇಕು.

ನಿಮ್ಮ ಊರಿನ ಹೊಳೆಯಲ್ಲಿ, ಅಜ್ಜನ ಮನೆಯ ಹಳ್ಳದಲ್ಲಿ ನೀರುನಾಯಿ ನೋಡಿದ ನೆನಪಿದೆಯಾ? ಯಾವ ವರ್ಷ, ಯಾವ ಹೊಳೆ, ಈಗಲೂ ಇದೆಯಾ ಅಂತ ನಾಲ್ಕು ಸಾಲು ಓದುಗರ ಅಂಕಣಕ್ಕೆ ಬರೆದು ಕಳಿಸಿ. ಮನೆಯಲ್ಲಿ ಹಿರಿಯರಿದ್ದರೆ ಅವರನ್ನೇ ಮೊದಲು ಕೇಳಿ.